ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಯಾವ ಸ್ಕ್ಯಾನ್? ಪೆಟ್, ಬೋನ್ ಸ್ಕ್ಯಾನ್, ಸಿಟಿ, ಎಂಆರ್‌ಐ, ಇಲ್ಲಾ ಯಾವುದೂ ಬೇಡವೇ?

ಆಪರೇಷನ್ ಆಯಿತು, ಕೀಮೋ ಆಯಿತು, ರೇಡಿಯೇಶನ್ನೂ ಮುಗಿಯಿತು. "ಇನ್ನು ಕೆಲವು ತಿಂಗಳು ಬಿಟ್ಟು ಬನ್ನಿ" ಎಂದು ಡಾಕ್ಟರು ಫೈಲು ಮುಚ್ಚುತ್ತಾರೆ. ಅಲ್ಲಿಯವರೆಗೆ ವಾರ ವಾರವೂ ಏನಾದರೊಂದು ನಡೆಯುತ್ತಿತ್ತು, ಈಗ ಏನೂ ಇಲ್ಲ. ಹೆದರಿಕೆ ಶುರುವಾಗುವುದು ಆಗಲೇ. ಮನೆಯಲ್ಲಿ ಯಾರಾದರೂ, ಹೆಚ್ಚಾಗಿ ಮಗನೋ ಅಳಿಯನೋ, ಹೇಳುತ್ತಾರೆ: "ಒಂದು ಪೆಟ್ ಮಾಡಿಸಿಬಿಡೋಣ. ಎಲ್ಲಿಗಾದರೂ ಹರಡಿದ್ದರೆ ಒಂದೇ ಸಲಕ್ಕೆ ಗೊತ್ತಾಗಿಬಿಡುತ್ತೆ."

ಮುಂಬಯಿಯ ಒಂದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ, ಎಂದರೆ ವಿಕಿರಣ ಸೂಸುವ ಮದ್ದು ಚುಚ್ಚಿ ಪೆಟ್, ಬೋನ್ ಸ್ಕ್ಯಾನ್ ತೆಗೆಯುವ ಕಡೆ, ದುಡಿದು ನಿವೃತ್ತಳಾದವಳು ನಾನು. ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ಕನ್ನಡದವರಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಇದರದ್ದೇ. "ಅಕ್ಕ, ಪೆಟ್ ಒಳ್ಳೆಯದಾ, ಎಂಆರ್‌ಐ ಒಳ್ಳೆಯದಾ?" ನಾನು ತಿರುಗಿ ಕೇಳುವುದು ಒಂದೇ: ಈಗ ಏನಾಗುತ್ತಿದೆ? ನೋವು, ಕೆಮ್ಮು, ತಲೆಸುತ್ತು ಏನಾದರೂ ಇದೆಯಾ, ಇದ್ದರೆ ಎಷ್ಟು ದಿನದಿಂದ? ಇದಕ್ಕೆ ಉತ್ತರ ಸಿಗದೆ ಯಂತ್ರ ಆರಿಸಲು ಹೋಗುವುದು ದಂಡ. ದುಬಾರಿ ಯಂತ್ರ ಎಲ್ಲ ಕಡೆಯೂ ಚೆನ್ನಾಗಿ ಕಾಣಿಸುತ್ತದೆ ಎನ್ನುವುದು ಸುಳ್ಳು ನಂಬಿಕೆ. ಪೆಟ್‌ಗೆ ಕಾಣದ್ದು ಎಂಆರ್‌ಐಗೆ ಕಾಣುತ್ತದೆ, ಎಂಆರ್‌ಐಗಿಂತ ಸಿಟಿ ಚೆನ್ನಾಗಿ ತೋರಿಸುವ ಜಾಗವೂ ಇದೆ.

ಯಾವ ತೊಂದರೆಯೂ ಇಲ್ಲದವರಿಗೆ

ಕೇಳಿದವರಿಗೆ ರುಚಿಸದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಏನೂ ಇಲ್ಲದಿದ್ದರೆ ವರ್ಷಕ್ಕೊಂದು ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ), ಡಾಕ್ಟರು ಹೇಳಿದ ಸಮಯಕ್ಕೆ ಕೈಯಿಂದ ಮುಟ್ಟಿ ಮಾಡುವ ತಪಾಸಣೆ, ಇಷ್ಟು ಸಾಕು. ಪೆಟ್, ಸಿಟಿ, ಬೋನ್ ಸ್ಕ್ಯಾನ್ ಯಾವುದೂ ಬೇಡ.

ಇದು ಜಿಪುಣತನದ ಮಾತಲ್ಲ. 1994ರಲ್ಲಿ ಇಟಲಿಯ ಎರಡು ದೊಡ್ಡ ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಒಂದರಲ್ಲಿ 1320 ಮಹಿಳೆಯರು, ಇನ್ನೊಂದರಲ್ಲಿ 1243. ಎರಡರಲ್ಲೂ ಅರ್ಧದಷ್ಟು ಮಂದಿಗೆ ಬೋನ್ ಸ್ಕ್ಯಾನ್, ಎದೆಯ ಎಕ್ಸ್‌ರೇಯಂಥ ಪರೀಕ್ಷೆಗಳನ್ನು ಅವಧಿ ತಪ್ಪದೆ ಮಾಡಿದರು. ಉಳಿದವರಿಗೆ ತಪಾಸಣೆ, ಮ್ಯಾಮೋಗ್ರಾಮ್ ಬಿಟ್ಟರೆ ತೊಂದರೆ ಕಂಡಾಗ ಮಾತ್ರ ಪರೀಕ್ಷೆ. ಎರಡು ಗುಂಪಿನವರ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದೇ ಆಧಾರದ ಮೇಲೆ ಅಮೆರಿಕದ ಆಂಕಾಲಜಿ ಡಾಕ್ಟರುಗಳ ಸಂಘ 2012ರಲ್ಲಿ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ಪಡೆದು ಆರಾಮವಾಗಿರುವವರಿಗೆ ಪೆಟ್, ಸಿಟಿ, ಬೋನ್ ಸ್ಕ್ಯಾನ್ ಮಾಡಿಸಬೇಡಿ ಎಂದು ಬಹಿರಂಗವಾಗಿಯೇ ಹೇಳಿತು. ಯುರೋಪಿನವರ ಸಲಹೆಯೂ ಇದೇ ದಾರಿಯದು.

"ಬೇಗ ಗೊತ್ತಾದರೆ ಬೇಗ ಔಷಧಿ ಕೊಡಬಹುದಲ್ಲ?" ನ್ಯಾಯವಾದ ಪ್ರಶ್ನೆಯೇ. ಸ್ತನದಲ್ಲೇ ಇರುವ ಗಂಟಿನ ವಿಷಯಕ್ಕೆ ಅದು ಸರಿ. ಬೇಗ ಸಿಕ್ಕಷ್ಟೂ ಲಾಭ. ಆದರೆ ಮೂಳೆಗೋ ಲಿವರಿಗೋ ಹೋದ ರೋಗವನ್ನು ಔಷಧಿಯಿಂದ ಹತೋಟಿಯಲ್ಲಿಡುತ್ತಾರೆ, ಬುಡಸಮೇತ ಕಿತ್ತು ಹಾಕುವುದು ಅಪರೂಪ. ಅದನ್ನು ನಾಲ್ಕು ತಿಂಗಳು ಮೊದಲೇ ಹಿಡಿದರೆ ಆ ನಾಲ್ಕು ತಿಂಗಳೂ ರೋಗ ಮರಳಿದೆ ಎಂಬ ಅರಿವಿನಲ್ಲೇ ಕಳೆಯುತ್ತವೆ, ಬದುಕು ಮಾತ್ರ ಉದ್ದವಾಗುವುದಿಲ್ಲ. ಹೌದು, 1994ಕ್ಕೂ ಇಂದಿಗೂ ಔಷಧಿಗಳು ಬಹಳ ಬದಲಾಗಿವೆ, ಆಗಿನ ಅಧ್ಯಯನಗಳಲ್ಲಿ ಪೆಟ್ ಇರಲಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಹೊಸದಾಗಿ ಪರೀಕ್ಷಿಸುವ ಕೆಲಸ ನಡೆದಿದೆ. ಸಲಹೆ ಬದಲಾಗುವವರೆಗೆ ನಾನು ಹಳೆಯದನ್ನೇ ಹೇಳುತ್ತೇನೆ.

ಇನ್ನೊಂದು ಕಾರಣ ನಮ್ಮ ಊರಿನದೇ. ಚುಚ್ಚಿದ ಸಕ್ಕರೆಯನ್ನು ಹೆಚ್ಚು ಹೀರುವ ಜಾಗ ಪೆಟ್ ಚಿತ್ರದಲ್ಲಿ ಹೊಳೆಯುತ್ತದೆ. ಪೆಟ್‌ನಲ್ಲಿ ಹೊಳೆಯುವುದೆಲ್ಲ ಕ್ಯಾನ್ಸರಲ್ಲ. ಕ್ಷಯದ ಗಂಟು ಥೇಟ್ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ, ಮುಂಬಯಿಯಲ್ಲಿ ಕ್ಷಯಕ್ಕೇನೂ ಬರವಿಲ್ಲ. ಆರಾಮವಾಗಿ ಅಡುಗೆ ಮಾಡಿಕೊಂಡು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದವರ ಎದೆಯ ನಡುವಿನ ಗ್ರಂಥಿಗಳು ಪೆಟ್‌ನಲ್ಲಿ ಹೊಳೆದು, ಮನೆಯಿಡೀ ಅತ್ತು, ಕೊನೆಗೆ ಸೂಜಿ ಹಾಕಿ ತೆಗೆದು ನೋಡಿದರೆ ಕ್ಷಯವೋ, ಗ್ರಂಥಿ ಊದಿಸುವ ಆದರೆ ಕ್ಯಾನ್ಸರಲ್ಲದ ಸಾರ್ಕಾಯ್ಡೋ ಎಂದು ಬಂದದ್ದು ಒಂದೆರಡಲ್ಲ. ಇತ್ತೀಚೆಗೆ ತೋಳಿಗೆ ಲಸಿಕೆ ಹಾಕಿಸಿಕೊಂಡಿದ್ದರೆ ಆ ಕಡೆಯ ಕಂಕುಳಿನ ಗ್ರಂಥಿಯೂ ಹೊಳೆಯಬಹುದು. ಆದ್ದರಿಂದ ಲಸಿಕೆಯ ವಿಷಯವನ್ನು ಟೆಕ್ನಿಷಿಯನ್‌ಗೆ ಹೇಳಿಯೇ ಮಲಗಿ.

ಮ್ಯಾಮೋಗ್ರಾಮನ್ನು ಮಾತ್ರ ತಪ್ಪಿಸಬೇಡಿ. ಸ್ತನ ಉಳಿಸಿ ಆಪರೇಷನ್ ಮಾಡಿದ್ದರೆ ರೇಡಿಯೇಶನ್ ಮುಗಿದು ಆರರಿಂದ ಹನ್ನೆರಡು ತಿಂಗಳಿಗೆ ಮೊದಲನೆಯದು, ಆಮೇಲೆ ವರ್ಷಕ್ಕೊಂದು. ಒಂದು ಸ್ತನ ಪೂರ್ತಿ ತೆಗೆದಿದ್ದರೆ ಇನ್ನೊಂದಕ್ಕೆ. ಸಾವಿರಾರು ರೂಪಾಯಿಯ ಪೆಟ್‌ಗೆ ತಯಾರಾಗಿ ಮ್ಯಾಮೋಗ್ರಾಮನ್ನು ಮರೆತವರನ್ನು ಕಂಡಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅದೇ ಸ್ತನದಲ್ಲಿ ಮರಳಿದ್ದು, ಇನ್ನೊಂದರಲ್ಲಿ ಹೊಸದಾಗಿ ಹುಟ್ಟಿದ್ದು, ಎರಡೂ ಗುಣವಾಗಬಹುದಾದಂಥವು. ಬೇಗ ಹಿಡಿದರೆ ಲಾಭವಿರುವುದು ಅಲ್ಲಿ.

ಮೂಳೆ ನೋವು ಬಂದಾಗ

ಸ್ತನ ಕ್ಯಾನ್ಸರ್ ಹೆಚ್ಚಾಗಿ ಹರಡುವುದು ಮೂಳೆಗೆ. ಶ್ವಾಸಕೋಶ, ಲಿವರ್, ಮೆದುಳು ಉಳಿದ ಮುಖ್ಯ ಜಾಗಗಳು. ಅದಕ್ಕೇ ಸೊಂಟ ನೋವು ಬಂದರೆ ಎದೆ ಝಲ್ಲೆನ್ನುವುದು. ಆದರೆ ಈಸ್ಟ್ರೋಜನ್ ಹಾರ್ಮೋನನ್ನು ತಗ್ಗಿಸುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಬಹಳ ಮಂದಿಗೆ ಕೀಲು ನೋವು ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದೆ, ಓಡಾಡಿದ ಮೇಲೆ ಸಡಿಲವಾಗುವ, ಎರಡೂ ಕಡೆ ಇರುವ ನೋವು ಸಾಮಾನ್ಯವಾಗಿ ಗುಳಿಗೆಯದು. ಒಂದೇ ಜಾಗದಲ್ಲಿ ಕೂತುಬಿಟ್ಟ, ದಿನೇ ದಿನೇ ಏರುವ, ರಾತ್ರಿ ಮಲಗಲು ಬಿಡದ, ಎರಡು ವಾರ ಕಳೆದರೂ ಇಳಿಯದ ನೋವಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಡಾಕ್ಟರನ್ನು ನೋಡಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಇದೇ ಗುಳಿಗೆಗಳು ಮೂಳೆಯನ್ನು ಸವೆಸುತ್ತವೆ. ಹಾಗಾಗಿ ಡಾಕ್ಟರು ಡೆಕ್ಸಾ ಬರೆಯುತ್ತಾರೆ. ಡೆಕ್ಸಾ ಮೂಳೆಯ ಗಟ್ಟಿತನ ಅಳೆಯುತ್ತದೆ ಅಷ್ಟೆ, ರೋಗ ಹುಡುಕುವುದಿಲ್ಲ. "ಬೋನ್ ಸ್ಕ್ಯಾನ್ ನಾರ್ಮಲ್ ಬಂತು" ಎಂದು ನೆಮ್ಮದಿಯಿಂದ ತೋರಿಸುವ ಕಾಗದ ಎಷ್ಟೋ ಸಲ ಡೆಕ್ಸಾದ್ದಾಗಿರುತ್ತದೆ.

ರೋಗ ಹುಡುಕುವ ಬೋನ್ ಸ್ಕ್ಯಾನ್‌ನಲ್ಲಿ ವಿಕಿರಣ ಸೂಸುವ ಟೆಕ್ನೀಷಿಯಂ ಬೆರೆತ ಮದ್ದನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಮೂಳೆ ಎಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿಗೆ ಅದು ಹೋಗಿ ಸೇರುತ್ತದೆ. ಸುಮಾರು ಮೂರು ಗಂಟೆ ಕಾಯಬೇಕು. ಅಷ್ಟರಲ್ಲಿ ನೀರು ಚೆನ್ನಾಗಿ ಕುಡಿದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗಿ ಬರಬೇಕು. ಉಪವಾಸ ಬೇಕಿಲ್ಲ, ಇಡ್ಲಿ ತಿಂದೇ ಬನ್ನಿ. ಪೆಟ್‌ಗಿಂತ ಬಹಳ ಅಗ್ಗ, ತಲೆಯಿಂದ ಪಾದದವರೆಗಿನ ಮೂಳೆಗಳೆಲ್ಲ ಒಂದೇ ಸಲಕ್ಕೆ ಕಾಣುತ್ತವೆ. ಆದರೆ ಸವೆದ ಮಂಡಿ, ಹಳೆಯ ಮುರಿತ, ಇತ್ತೀಚೆಗೆ ಕಿತ್ತ ಹಲ್ಲಿನ ಜಾಗ, ಬಚ್ಚಲಲ್ಲಿ ಜಾರಿ ಏಟು ಬಿದ್ದ ಪಕ್ಕೆಲುಬು, ಇವೆಲ್ಲವೂ ಅಲ್ಲಿ ಕಪ್ಪು ಚುಕ್ಕೆಗಳಾಗಿ ಬರುತ್ತವೆ. ಪಕ್ಕೆಲುಬಿನಲ್ಲಿ ಒಂದೇ ಒಂದು ಚುಕ್ಕೆ ಇದ್ದರೆ ಗಾಬರಿಯಾಗಬೇಡಿ, ಬಿದ್ದದ್ದು ನೆನಪಿದೆಯೇ ಎಂದು ಯೋಚಿಸಿ. ಬೆನ್ನುಮೂಳೆ, ಸೊಂಟ, ಪಕ್ಕೆಲುಬು ಎಂದು ಎಲ್ಲೆಂದರಲ್ಲಿ ಚೆಲ್ಲಿದಂತೆ ಇದ್ದರೆ ಅದು ಬೇರೆ ಮಾತು.

ಬೋನ್ ಸ್ಕ್ಯಾನ್‌ಗೆ ಎರಡು ಕುರುಡು ಜಾಗಗಳಿವೆ. ಮೂಳೆಯನ್ನು ಬರೀ ತಿಂದು ಹಾಕುವ, ಹೊಸ ಮೂಳೆ ಕಟ್ಟಿಸದ ರೋಗ ಅದರ ಕಣ್ಣು ತಪ್ಪಿಸಬಹುದು. ಅಂಥದ್ದು ಪೆಟ್‌ನಲ್ಲಿ ಚೆನ್ನಾಗಿ ಸಿಗುತ್ತದೆ. ಇದಕ್ಕೆ ಉಲ್ಟಾ, ಗಟ್ಟಿ ಮೂಳೆ ಬೆಳೆಸುವ ಬಗೆಯ ರೋಗ ಪೆಟ್‌ನಲ್ಲಿ ಮಂಕಾಗಿ, ಬೋನ್ ಸ್ಕ್ಯಾನ್‌ನಲ್ಲಿ ಎದ್ದು ಕಾಣುವುದುಂಟು. ಎರಡನೆಯದು, ಔಷಧಿ ಶುರುವಾದ ಮೊದಲ ಕೆಲವು ತಿಂಗಳಲ್ಲಿ ಮೂಳೆ ವಾಸಿಯಾಗುತ್ತಿರುವಾಗಲೇ ಚುಕ್ಕೆಗಳು ಇನ್ನಷ್ಟು ಗಾಢವಾಗಬಹುದು. "ಹೆಚ್ಚಾಗಿದೆ" ಎಂದು ರಿಪೋರ್ಟಿನಲ್ಲಿ ಓದಿ ಔಷಧಿಯನ್ನೇ ಬದಲಿಸಿಬಿಡುವ ಮುಂಚೆ ಅನುಭವಿ ಡಾಕ್ಟರು ಸ್ವಲ್ಪ ಕಾದು ನೋಡುವುದು ಇದಕ್ಕೇ.

ಬೆನ್ನು ನೋವಿನ ಜೊತೆ ಕಾಲು ಸೋತರೆ

ಇಲ್ಲಿ ಹೋಲಿಕೆಯ ಪ್ರಶ್ನೆಯೇ ಇಲ್ಲ. ಬೆನ್ನು ನೋವಿದ್ದು ಕಾಲು ಭಾರವಾಗುವುದು, ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗಿಬಿಡುವುದು ಕಂಡರೆ ಅದೇ ದಿನ, ರಾತ್ರಿಯಾದರೂ ಸರಿ, ಕ್ಯಾಶುವಾಲ್ಟಿಗೆ ಹೋಗಿ. ಬೇಕಾದ್ದು ಇಡೀ ಬೆನ್ನುಮೂಳೆಯ ಎಂಆರ್‌ಐ. ಬೆನ್ನುಹುರಿ ಒತ್ತಿಹೋಗಿದ್ದರೆ ಸ್ಟೆರಾಯ್ಡ್, ರೇಡಿಯೇಶನ್ ಅಥವಾ ಆಪರೇಷನ್ ತಕ್ಷಣ ಶುರುವಾಗಬೇಕು. ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಸಿಕ್ಕವರು ನಡೆಯುತ್ತಲೇ ಇರುವ ಸಾಧ್ಯತೆ ಹೆಚ್ಚು. ಪೆಟ್‌ನ ಅಪಾಯಿಂಟ್‌ಮೆಂಟ್‌ಗಾಗಿ ಗುರುವಾರದವರೆಗೆ ಕಾಯುವ ಸಂಗತಿಯಲ್ಲ ಇದು.

ಮೆದುಳಿಗೂ ಎಂಆರ್‌ಐಯೇ. ಬೆಳಗಿನ ತಲೆನೋವು, ವಾಂತಿ, ಫಿಟ್ಸ್, ಎರಡೆರಡಾಗಿ ಕಾಣುವುದು, ನಡೆಯುವಾಗ ಒಂದು ಕಡೆ ವಾಲುವುದು ಇವು ಅದರ ಸೂಚನೆಗಳು. ಪೆಟ್‌ನಲ್ಲಿ ಮೆದುಳು ಸಹಜವಾಗಿಯೇ ಸಕ್ಕರೆ ಕುಡಿದು ಹೊಳೆಯುತ್ತದೆ, ಅದರೊಳಗಿನ ಸಣ್ಣ ಗಂಟು ಆ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. "ಹೋಲ್ ಬಾಡಿ ಪೆಟ್ ಮಾಡಿಸಿದ್ದೇವೆ, ತಲೆಯೂ ಅದರಲ್ಲೇ ಬಂತಲ್ಲ" ಎನ್ನುವವರು ಇದನ್ನು ನೆನಪಿಡಬೇಕು. ಎಷ್ಟೋ ಕಡೆ ಆ ಸ್ಕ್ಯಾನ್ ತಲೆಬುರುಡೆಯ ಬುಡದಿಂದ ತೊಡೆಯವರೆಗೆ ಮಾತ್ರ.

ಎಂಆರ್‌ಐಯಲ್ಲಿ ವಿಕಿರಣ ಇಲ್ಲ, ಅದು ದೊಡ್ಡ ಅಯಸ್ಕಾಂತ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಸ್ತನ ಮರುರಚನೆಗಾಗಿ ಚರ್ಮ ಹಿಗ್ಗಿಸಲು ಒಳಗೆ ಇಟ್ಟ ಚೀಲ, ಅಂದರೆ ಎಕ್ಸ್‌ಪ್ಯಾಂಡರ್ ಇದ್ದರಂತೂ ಹೇಳಲೇಬೇಕು. ಅವುಗಳಲ್ಲಿ ಕೆಲವಕ್ಕೆ ಅಯಸ್ಕಾಂತವಿರುವ ವಾಲ್ವ್ ಇರುತ್ತದೆ, ಅಂಥವರು ಎಂಆರ್‌ಐ ಕೋಣೆಗೆ ಕಾಲಿಡಬಾರದು.

ಕೆಮ್ಮು, ಉಬ್ಬಸ, ಲಿವರ್

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಎದೆಯಲ್ಲಿ ನೀರು ತುಂಬಿದ್ದರೆ ಸಾದಾ ಎಕ್ಸ್‌ರೇಯಲ್ಲೇ ತಿಳಿಯುತ್ತದೆ. ಶ್ವಾಸಕೋಶದ ಸಣ್ಣ ಗಂಟುಗಳಿಗೆ ಸಿಟಿಯೇ ಸರಿ. ಪೆಟ್ ಜೊತೆ ಬರುವ ಸಿಟಿಯನ್ನು ಅನೇಕ ಕಡೆ ಕಡಿಮೆ ಡೋಸಿನಲ್ಲಿ, ಉಸಿರು ಹಿಡಿಸದೆ ತೆಗೆಯುತ್ತಾರೆ. ಕೆಲವೇ ಮಿಲಿಮೀಟರಿನ ಗಂಟುಗಳು ಅದರಲ್ಲಿ ತಪ್ಪಬಹುದು. ಹಾಗೆಯೇ, ಸಿಟಿಯಲ್ಲಿ ಕಂಡ ನಾಲ್ಕೈದು ಮಿಲಿಮೀಟರಿನ ಗಂಟೆಲ್ಲ ಕ್ಯಾನ್ಸರಲ್ಲ. ಕೆಲವು ತಿಂಗಳ ನಂತರ ಮತ್ತೆ ತೆಗೆದು ಬೆಳೆದಿದೆಯೇ ನೋಡುವುದು ರೂಢಿ. ಸಿಟಿಗೆ ಬಣ್ಣದ (ಕಾಂಟ್ರಾಸ್ಟ್) ಇಂಜೆಕ್ಷನ್ ಕೊಡುವ ಮುಂಚೆ ಕ್ರಿಯಾಟಿನಿನ್ ಎಂಬ ಕಿಡ್ನಿಯ ರಕ್ತಪರೀಕ್ಷೆ ನೋಡುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬೇಕೇ ಎಂದು ಕೇಳಿಕೊಳ್ಳಿ, ಉತ್ತರ ಕಿಡ್ನಿಯ ಸ್ಥಿತಿಯನ್ನು ಅವಲಂಬಿಸಿದೆ.

ಲಿವರಿಗೆ ಸೋನೋಗ್ರಫಿ ಅಗ್ಗ, ವಿಕಿರಣವಿಲ್ಲ. ಆದರೆ ಕೈ ಆಡಿಸುವವರ ಅನುಭವದ ಮೇಲೆ ನಿಂತಿದೆ. ಈಸ್ಟ್ರೋಜನ್ ಹಾರ್ಮೋನನ್ನು ತಡೆಯುವ ಟಾಮೋಕ್ಸಿಫೆನ್ ಗುಳಿಗೆ ತೆಗೆದುಕೊಳ್ಳುವವರಿಗೆ ಲಿವರಿನಲ್ಲಿ ಕೊಬ್ಬು ಸೇರುವುದು ಸಾಮಾನ್ಯ. ಕೊಬ್ಬಿನ ಲಿವರಿನಲ್ಲಿ ಸೋನೋಗ್ರಫಿಗೆ ಒಳಗಿನದ್ದು ಸ್ಪಷ್ಟವಾಗುವುದಿಲ್ಲ. ಅಂಥಲ್ಲಿ ಅನುಮಾನ ಬಂದರೆ ಸಿಟಿ, ಅಲ್ಲೂ ತೀರ್ಮಾನವಾಗದಿದ್ದರೆ ಲಿವರ್ ಎಂಆರ್‌ಐ.

ಹಾಗಾದರೆ ಪೆಟ್ ಯಾವಾಗ?

ನನ್ನ ಕೆಲಸವೇ ಅದಾಗಿತ್ತು. ಹಾಗಾಗಿ ಪೆಟ್‌ನ ಮೇಲೆ ನನಗೆ ಪ್ರೀತಿಯಿದೆ, ಅದರ ದುರುಪಯೋಗ ಕಂಡರೆ ಸಂಕಟವೂ ಆಗುತ್ತದೆ.

ಫ್ಲೋರಿನ್-18 ಜೋಡಿಸಿದ ಸಕ್ಕರೆಯನ್ನು ಚುಚ್ಚಿ, ಮೈಯಲ್ಲಿ ಯಾವ ಜಾಗ ಅದನ್ನು ಅತಿಯಾಗಿ ಹೀರುತ್ತಿದೆ ಎಂದು ನೋಡುವುದು ಪೆಟ್. ಆ ಫ್ಲೋರಿನ್ 110 ನಿಮಿಷಕ್ಕೆ ಅರ್ಧವಾಗುತ್ತದೆ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಹತ್ತಿರವೇ ಇರಬೇಕು. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಕೆಲಸ ಶುರುಮಾಡಿದ್ದು ನಮ್ಮ ಪರೇಲಿನಲ್ಲೇ, ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯೇಶನ್ ಮೆಡಿಸಿನ್ ಸೆಂಟರಿನಲ್ಲಿ. ಈಗ ನಗರದಲ್ಲಿ ಪೆಟ್ ಕೇಂದ್ರಗಳು ಹಲವಿವೆ, ಆದರೂ ಸೈಕ್ಲೋಟ್ರಾನ್ ಕೆಟ್ಟರೆ ಡೋಸ್ ಬರುವುದಿಲ್ಲ. ಪಾಲ್‌ಘರ್‌ನಿಂದಲೋ ಕರ್ಜತ್‌ನಿಂದಲೋ ಖಾಲಿ ಹೊಟ್ಟೆಯಲ್ಲಿ ಹೊರಡುವವರು ಬೆಳಿಗ್ಗೆ ಒಂದು ಫೋನು ಮಾಡಿ ಕೇಳಿಯೇ ಹೊರಡಿ.

ಪೆಟ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇಂಥ ಸಂದರ್ಭದಲ್ಲಿ: ಬೋನ್ ಸ್ಕ್ಯಾನೂ ಸಿಟಿಯೂ ಆಗಿದ್ದು ಎರಡೂ ಒಂದು ಮಾತು ಹೇಳದಿದ್ದಾಗ. ಅಥವಾ ಎದೆಯ ಗೋಡೆಯಲ್ಲೋ ಕಂಕುಳಲ್ಲೋ ರೋಗ ಮರಳಿದೆ ಎಂದು ಖಚಿತವಾಗಿ, ದೊಡ್ಡ ಆಪರೇಷನ್‌ಗೆ ಮುಂಚೆ ಬೇರೆಲ್ಲೂ ಇಲ್ಲವೆಂದು ನೋಡಿಕೊಳ್ಳಬೇಕಾದಾಗ. ಇಲ್ಲವೇ ಒಂದಕ್ಕಿಂತ ಹೆಚ್ಚು ಅಂಗದಲ್ಲಿ ಅನುಮಾನವಿದ್ದಾಗ. ಈ ಮೂರರಲ್ಲಿ ನಾನೂ ಪೆಟ್ ಮಾಡಿಸಿ ಎಂದೇ ಹೇಳುತ್ತೇನೆ.

ಬಯಾಪ್ಸಿ ರಿಪೋರ್ಟಿನಲ್ಲಿ ಲೋಬ್ಯುಲರ್ (ಹಾಲಿನ ಗ್ರಂಥಿಯಲ್ಲಿ ಹುಟ್ಟುವ ಬಗೆ) ಎಂದು ಬರೆದಿದ್ದರೆ ಸ್ವಲ್ಪ ನಿಲ್ಲಿ. ಆ ಬಗೆಯ ಕ್ಯಾನ್ಸರ್ ಅನೇಕ ಸಲ ಸಕ್ಕರೆ ಹೆಚ್ಚು ಹೀರುವುದಿಲ್ಲ. ಪೆಟ್ ಸ್ವಚ್ಛವಾಗಿ ಬಂದರೂ ರೋಗ ಇಲ್ಲವೆಂದು ಹೇಳಲಾಗದು. ನಿಧಾನವಾಗಿ ಬೆಳೆಯುವ, ಹಾರ್ಮೋನ್ ಪಾಸಿಟಿವ್ (ಹಾರ್ಮೋನಿನಿಂದ ಬೆಳೆಯುವ) ರೋಗದಲ್ಲೂ ಹೊಳಪು ಕಡಿಮೆ. ಕೋಶದಲ್ಲಿ ಈಸ್ಟ್ರೋಜನ್ ಬಂದು ಅಂಟುವ ರಿಸೆಪ್ಟರನ್ನೇ ಹುಡುಕುವ ಎಫ್‌ಇಎಸ್ ಎಂಬ ಬೇರೆ ಪೆಟ್ ಮದ್ದಿಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿದೆ. ಟಾಮೋಕ್ಸಿಫೆನ್ ಆ ರಿಸೆಪ್ಟರುಗಳನ್ನು ಮೊದಲೇ ಹಿಡಿದಿಡುವುದರಿಂದ ಅದನ್ನು ವಾರಗಟ್ಟಲೆ ನಿಲ್ಲಿಸಿಯೇ ಆ ಸ್ಕ್ಯಾನ್ ಮಾಡಬೇಕು.

ಸ್ಕ್ಯಾನ್‌ನ ದಿನ ಜನ ಎಡವುವುದು ಸಣ್ಣ ವಿಷಯಗಳಲ್ಲಿ. ನಾಲ್ಕರಿಂದ ಆರು ಗಂಟೆ ಉಪವಾಸ, ನೀರು ಮಾತ್ರ. "ಒಂದು ಲೋಟ ಚಹಾ ಏನಾಗುತ್ತೆ" ಎನ್ನಬೇಡಿ, ಸಕ್ಕರೆ ಚಹಾದಿಂದ ಸ್ಕ್ಯಾನೇ ಕೆಡುತ್ತದೆ. ರಕ್ತದ ಸಕ್ಕರೆ 200ಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ಹೆಚ್ಚಿನ ಕಡೆ ವಾಪಸ್ ಕಳಿಸುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಹಿಂದಿನ ದಿನವೇ ಕೇಂದ್ರವನ್ನು ಕೇಳಿ ಸಮಯ ಹೊಂದಿಸಿಕೊಳ್ಳಿ. ಇಂಜೆಕ್ಷನ್ ಆಪರೇಷನ್ ಆಗದ ಕಡೆಯ ಕೈಗೆ. ಅವಸರದಲ್ಲಿ ನರ್ಸ್ ಮರೆತರೂ ನೀವು ಮರೆಯಬೇಡಿ. ಚುಚ್ಚಿದ ಮೇಲೆ ಒಂದು ಗಂಟೆ ಸುಮ್ಮನೆ ಮಲಗಬೇಕು. ಹೆಚ್ಚು ಮಾತಾಡಿದರೆ ಗಂಟಲಿನ ಸ್ನಾಯು ಹೊಳೆಯುತ್ತದೆ. ಏಸಿಯಲ್ಲಿ ಚಳಿ ಹಿಡಿದರೆ ಕುತ್ತಿಗೆಯ ಒಂದು ಬಗೆಯ ಕೊಬ್ಬು ಹೊಳೆಯುತ್ತದೆ, ಅದಕ್ಕೇ ಶಾಲು ತನ್ನಿ ಎನ್ನುವುದು.

ರಿಪೋರ್ಟಿನಲ್ಲಿ ಎಸ್‌ಯುವಿ ಎಂಬ ಅಂಕಿ ಇರುತ್ತದೆ. ಮನೆಯವರು ಅದಕ್ಕೆ ಪೆನ್ನಿನಿಂದ ಸುತ್ತು ಹಾಕಿಕೊಂಡು ಬರುತ್ತಾರೆ. ಆ ಅಂಕಿ ಸಕ್ಕರೆ ಎಷ್ಟು ಸೇರಿದೆ ಎಂದು ಹೇಳುತ್ತದೆಯೇ ಹೊರತು ಕ್ಯಾನ್ಸರ್ ಹೌದೋ ಅಲ್ಲವೋ ಎಂದಲ್ಲ. ಬೇರೆ ಬೇರೆ ಕೇಂದ್ರದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಏರಿತು, ಇಳಿಯಿತು ಎನ್ನುವುದೂ ಸರಿಯಲ್ಲ. ಮತ್ತೆ ಸ್ಕ್ಯಾನ್ ಬೇಕಾದರೆ ಆದಷ್ಟೂ ಅದೇ ಕೇಂದ್ರ, ಅದೇ ಬಗೆಯ ಸ್ಕ್ಯಾನ್.

ವಿಕಿರಣ, ಬಯಾಪ್ಸಿ, ದುಡ್ಡು

ಅಂದಾಜಿಗೆ ಹೇಳುವುದಾದರೆ, ಒಂದು ಬೋನ್ ಸ್ಕ್ಯಾನ್ 3ರಿಂದ 5 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ), ಪೆಟ್-ಸಿಟಿ ಸಿಟಿಯ ಡೋಸಿಗೆ ತಕ್ಕಂತೆ 10ರಿಂದ 25. ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ನಮ್ಮ ಮೈಗೆ ಬೀಳುತ್ತದೆ. ತೊಂದರೆ ಇರುವವರು ಈ ಲೆಕ್ಕಕ್ಕೆ ಹೆದರಿ ಸ್ಕ್ಯಾನ್ ಬಿಡಬಾರದು. ಆರಾಮವಾಗಿರುವವರು ವರ್ಷ ವರ್ಷವೂ ಪೆಟ್ ಮಾಡಿಸುತ್ತಾ ಹೋದರೆ ಈ ಲೆಕ್ಕಕ್ಕೆ ಅರ್ಥ ಬರುತ್ತದೆ.

ಯಾವ ಸ್ಕ್ಯಾನೂ ಕೊನೆಯ ಮಾತಲ್ಲ. ಮೊದಲ ಸಲ ಹರಡಿದೆ ಎಂದು ಕಂಡಾಗ, ಸೂಜಿ ತಲುಪುವ ಜಾಗವಾದರೆ ಬಯಾಪ್ಸಿ ಮಾಡಿಸಬೇಕು. ಕ್ಷಯದ ಅನುಮಾನ ಬಗೆಹರಿಯುವುದು ಅಲ್ಲಿ. ಮರಳಿದ ರೋಗದ ಈಸ್ಟ್ರೋಜನ್ ರಿಸೆಪ್ಟರ್, ಹರ್-2 (ಕ್ಯಾನ್ಸರ್ ಕೋಶದ ಮೇಲಿನ ಒಂದು ಪ್ರೋಟೀನು) ಮೊದಲಿನಂತೆಯೇ ಇರಬೇಕೆಂದಿಲ್ಲ. ಬದಲಾಗಿದ್ದರೆ ಔಷಧಿಯೂ ಬದಲಾಗುತ್ತದೆ. "ಸೂಜಿ ಹಾಕಿದರೆ ಇನ್ನೂ ಹರಡುತ್ತೆ" ಎಂಬ ಭಯ ಊರಿನ ಕಡೆಯಷ್ಟೇ ಅಲ್ಲ, ಮುಂಬಯಿಯ ಓದಿದವರಲ್ಲೂ ಇದೆ. ಆ ಭಯಕ್ಕೆ ಬಯಾಪ್ಸಿ ತಪ್ಪಿಸಿಕೊಂಡರೆ ಕಣ್ಣು ಕಟ್ಟಿಕೊಂಡು ಔಷಧಿ ತೆಗೆದುಕೊಂಡಂತಾಗುತ್ತದೆ.

ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ದಿನ ಸಿಗುವುದು ತಡವಾದರೆ ಹೊರಗೆ ಮಾಡಿಸುವವರು ಬಹಳ. ಮಾಡಿಸಿ, ಆದರೆ ರಿಪೋರ್ಟಿನ ಹಾಳೆ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನು ಕೇಳಿ ತೆಗೆದುಕೊಳ್ಳಿ. ಚಿಕಿತ್ಸೆಗೆ ಮುಂಚಿನ ಹಳೆಯ ಸ್ಕ್ಯಾನ್‌ನ ಸಿಡಿಯೂ ಜೊತೆಗಿರಲಿ. ಐದು ವರ್ಷದ ಹಿಂದೆಯೂ ಅದೇ ಚುಕ್ಕೆ ಅಲ್ಲೇ ಇತ್ತು ಎಂದು ತಿಳಿದರೆ ಅರ್ಧ ಪರೀಕ್ಷೆಗಳು ತಪ್ಪುತ್ತವೆ. ದುಡ್ಡಿನ ತೊಂದರೆ ಇದ್ದರೆ ಸ್ಕ್ಯಾನ್‌ನ ದಿನ ಗೊತ್ತುಮಾಡುವ ಮುಂಚೆಯೇ ಆಸ್ಪತ್ರೆಯ ಮೆಡಿಕಲ್ ಸೋಶಿಯಲ್ ವರ್ಕರನ್ನು ಕಂಡು, ರೇಷನ್ ಕಾರ್ಡ್ ತೋರಿಸಿ, ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯಲ್ಲೋ ಟ್ರಸ್ಟುಗಳಿಂದಲೋ ಏನು ಸಿಗುತ್ತದೆ ಎಂದು ವಿಚಾರಿಸಿ. ಬಿಲ್ಲು ಕಟ್ಟಿದ ಮೇಲೆ ಹೋದರೆ ಅವರ ಕೈಯೂ ಕಟ್ಟಿರುತ್ತದೆ.

ಹಿಂತಿರುಗುವ ದಾರಿಯ ಬಗ್ಗೆ ಒಂದು ಮಾತು. ಲೋಕಲ್ ರೈಲಿನಲ್ಲಿ ದಿವ್ಯಾಂಗರ ಡಬ್ಬಿಗೆ ಕ್ಯಾನ್ಸರ್ ರೋಗಿಗಳೂ ಹತ್ತಬಹುದು, ಗರ್ಭಿಣಿಯರೂ ಹತ್ತುತ್ತಾರೆ. ಪೆಟ್ ಅಥವಾ ಬೋನ್ ಸ್ಕ್ಯಾನ್‌ನ ಇಂಜೆಕ್ಷನ್ ಆದ ದಿನ ಮೈಯಿಂದ ಸ್ವಲ್ಪ ವಿಕಿರಣ ಹೊರಬರುವುದರಿಂದ ಕೆಲವು ಗಂಟೆ ಗರ್ಭಿಣಿಯರಿಂದಲೂ ಎಳೆ ಮಕ್ಕಳಿಂದಲೂ ದೂರ ಇರಬೇಕು. ಆ ದಿನ ಸಾಧ್ಯವಾದರೆ ಟ್ಯಾಕ್ಸಿ ಮಾಡಿ. ಇಲ್ಲದಿದ್ದರೆ ಊಟ ಮಾಡಿ, ನೀರು ಕುಡಿದು, ಎರಡು ಮೂರು ಸಲ ಮೂತ್ರಕ್ಕೆ ಹೋಗಿಬಂದು, ಸಂಜೆಯ ಗದ್ದಲ ಶುರುವಾಗುವ ಮುಂಚೆ ನಿಮ್ಮ ಪಕ್ಕ ಯಾರು ಕೂತಿದ್ದಾರೆ ಎಂದು ನೋಡಿಕೊಂಡು ರೈಲು ಹತ್ತಿ.